‘ಸಂ.’ ಅಂದರೆ ಸಂಪಾದಕರೋ, ಸಂಪುಟವೋ, ಸಂಚಿಕೆಯೋ?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಕನ್ನಡ ಪಿಎಚ್‌ಡಿ ಪ್ರಬಂಧಗಳ ಕರಡು ತಿದ್ದುವ ಕೆಲಸ ನನ್ನದು. ಅಡಿಟಿಪ್ಪಣಿಯಲ್ಲಿ ಬರುವ ‘ಸಂ.’ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ಹೆಸರಿನ ಪಕ್ಕ ಕಂಸದಲ್ಲಿದ್ದರೆ ಅದು ಸಂಪಾದಕರು. ಇದರಲ್ಲಿ ತಕರಾರಿಲ್ಲ. ಅಂಕಿಯ ಹಿಂದೆ ಬಂದರೆ ಮಾತ್ರ ಸಂಪುಟ, ಸಂಚಿಕೆ, ಸಂಖ್ಯೆ ಮೂರರಲ್ಲಿ ಯಾವುದೂ ಆಗಬಹುದು. ನಿಘಂಟಿನಲ್ಲಾದರೆ ಸಂಸ್ಕೃತ!

ಫ.ಗು. ಹಳಕಟ್ಟಿಯವರು 1926ರಲ್ಲಿ ನಮ್ಮೂರಿನಿಂದ ಶುರು ಮಾಡಿದ ‘ಶಿವಾನುಭವ’ ಪತ್ರಿಕೆಯನ್ನೇ ತೆಗೆದುಕೊಳ್ಳಿ. ‘ಶಿವಾನುಭವ, ಸಂ. 3, ಸಂ. 2’ ಅಂತಿದ್ದರೆ ಮೊದಲನೆಯದು ಸಂಪುಟ, ಆಮೇಲಿನದು ಸಂಚಿಕೆ ಅಂತ ಹೇಗೋ ಊಹಿಸಬಹುದು. ಒಂದೇ ‘ಸಂ.’ ಇದ್ದರೆ ಗ್ರಂಥಾಲಯದಲ್ಲಿ ಕೂತು ಹುಡುಕುವವನ ಗತಿ?

ಶಾಸನಗಳದ್ದು ಇನ್ನೂ ದೊಡ್ಡ ಪೇಚು. ಬೆಳಗಾವಿ, ವಿಜಯಪುರದ ಈ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ವಾ? ಹಾಗಾಗಿ ಇಲ್ಲಿನ ಎಷ್ಟೋ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿ ‘ಬಾಂಬೆ-ಕರ್ನಾಟಕ’ದ ಹೆಸರಿನಲ್ಲಿ ಅಚ್ಚಾಗಿವೆ. ಅಲ್ಲಿ ಪ್ರತಿ ಶಾಸನಕ್ಕೂ ಒಂದು ನಂಬರು, ಪುಟಕ್ಕೆ ಬೇರೆ ನಂಬರು. ಬರೀ ‘ಸಂ. 18’ ಅಂದರೆ 18ನೇ ಸಂಪುಟವೋ, 18ನೇ ಶಾಸನವೋ?

ಇಂಗ್ಲಿಷಿನ ‘ಎಡ್.’ ಕೂಡ ಸಂಪಾದಕರಿಗೂ ಆವೃತ್ತಿಗೂ ಬರುತ್ತದೆ. ಆಕರಗಳನ್ನು ಉಲ್ಲೇಖಿಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯವರು ಸಂಪಾದಕರಿಗೆ ದೊಡ್ಡಕ್ಷರ, ಆವೃತ್ತಿಗೆ ಸಣ್ಣಕ್ಷರ ಹಾಕಿ ಪಾರಾಗಿದ್ದಾರೆ. ನಮ್ಮ ಲಿಪಿಯಲ್ಲಿ ಆ ದಾರಿ ಇಲ್ಲ. ಆದರೆ ಪತ್ರಿಕೆಗೆ ಅವರು ‘3(2)’ ಅಂತ ಬರೆಯುತ್ತಾರೆ. ಸಂಪುಟ ಹೊರಗೆ, ಸಂಚಿಕೆ ಕಂಸದೊಳಗೆ. ಇದಕ್ಕೆ ಯಾವ ಪದವೂ ಬೇಡ. ಇದನ್ನು ಕನ್ನಡದಲ್ಲೂ ಸುಮ್ನೆ ಹಾಗೇ ಎತ್ತಿಕೊಳ್ಳಬಹುದು, ಪ್ರಬಂಧದ ಮೊದಲಲ್ಲಿ ಒಂದು ಸಾಲು ವಿವರಣೆ ಕೊಟ್ಟರಾಯಿತು.

‘ಸಂಪು.’, ‘ಸಂಚಿ.’ ಅಂತ ಬಿಡಿಸಿ ಬರೆಯುವುದೂ ಒಂದು ದಾರಿ. ‘ಸಂಪು.’ ಕಂಡರೆ ನನಗೆ ಮನೆ ಮುಂದಿನ ನೀರಿನ ಸಂಪೇ ನೆನಪಾಗುತ್ತದೆ, ಅದು ಬೇರೆ ಮಾತು. ನನ್ನ ಒಲವು ಹೀಗಿದೆ: ‘ಸಂ.’ ಸಂಪಾದಕರಿಗೆ ಮಾತ್ರ ಮೀಸಲಿರಲಿ, ಸಂಪುಟ, ಸಂಚಿಕೆ ಎರಡನ್ನೂ ಪೂರ್ತಿ ಬರೆಯೋಣ. ಎರಡಕ್ಷರ ಉಳಿಸಿ ಯಾರಿಗೇನು ಲಾಭ? ಶಾಸನಕ್ಕೆ ‘ನಂ.’ ಸಾಕು. ಅದು ಇಂಗ್ಲಿಷಿನಿಂದ ಬಂದದ್ದು ಅಂತ ಕೆಲವು ಮಾರ್ಗದರ್ಶಕರು ಹೊಡೆದು ಹಾಕುತ್ತಾರೆ. ಬಸ್ಸಿಗೂ ಮನೆಗೂ ನಂಬರು ಇರುವಾಗ ಶಾಸನಕ್ಕೆ ಯಾಕೆ ಬೇಡವೋ!

ಬೆಳಗಾವಿ, ಬಾಗಲಕೋಟೆ ಕಡೆ ನೀವು ಶಾಸನದ ಸಂಖ್ಯೆಯನ್ನು ಹೇಗೆ ಬರೆಸುತ್ತೀರಿ? ‘ಸಂ.’ ಬಿಟ್ಟು ಬೇರೆ ಸಂಕ್ಷೇಪ ಬಳಕೆಯಲ್ಲಿದ್ದರೆ ಉದಾಹರಣೆ ಸಮೇತ ತಿಳಿಸಿ.