ಸೇವಾ ಕರಾರಿನ ಲೆಕ್ಕ ಇಡಬೇಕಾದವರು ಯಾರು?

ಕಳೆದ ವಾರ ಅಮೆರಿಕದಲ್ಲಿರುವ ತಂದೆತಾಯಿಗಳ ನಮ್ಮ ಗುಂಪಿನಲ್ಲಿ ಒಬ್ಬ ತಾಯಿ, ಸೈಬರ್ ಭದ್ರತೆ ಓದುವವರಿಗೆ ಅಮೆರಿಕ ಸರ್ಕಾರ ಕೊಡುವ ಸೈಬರ್‌ಕೋರ್ ವಿದ್ಯಾರ್ಥಿವೇತನ ತಮ್ಮ ಮಗನಿಗೆ ದೊರೆತಿರುವುದನ್ನು ತಿಳಿಸಿ, ಅದರ ಜೊತೆಯಲ್ಲೇ ಒಂದು ಪ್ರಶ್ನೆಯನ್ನೂ ಕೇಳಿದ್ದರು. ಓದು ಮುಗಿದ ಮೇಲೆ ಸರ್ಕಾರಿ ಕೆಲಸ ಮಾಡಬೇಕೆಂಬ ಷರತ್ತಿದೆಯಲ್ಲ, ಮಾಡಿದನೋ ಇಲ್ಲವೋ ಎಂದು ನೋಡುವವರು ಯಾರು, ಮಾಡಲಾಗದಿದ್ದರೆ ಏನಾಗುತ್ತದೆ ಎಂಬುದು ಆ ಪ್ರಶ್ನೆ. ಅಭಿನಂದನೆಗಳು ಬೇಕಾದಷ್ಟು ಬಂದವು, ಉತ್ತರ ಮಾತ್ರ ಬರಲಿಲ್ಲ. ನನ್ನ ಮಗಳು ಇದೇ ವಿದ್ಯಾರ್ಥಿವೇತನದಲ್ಲಿ ಎರಡು ವರ್ಷ ಸ್ನಾತಕೋತ್ತರ ಪದವಿ ಓದಿ, ಈಗ ಕರಾರಿನ ಎರಡನೆಯ ವರ್ಷದ ಸೇವೆಯಲ್ಲಿದ್ದಾಳೆ. ಆದ್ದರಿಂದ ನಮಗೆ ತಿಳಿದದ್ದನ್ನು, ತಿಳಿಯದೆ ಎಡವಿದ್ದನ್ನೂ ಸೇರಿಸಿ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬಾಂಡ್ ಎಂದ ಕೂಡಲೇ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರ ಗ್ರಾಮೀಣ ಸೇವೆ. ಅಲ್ಲಿ ಸರ್ಕಾರವೇ ಕೌನ್ಸೆಲಿಂಗ್ ನಡೆಸಿ, ಇಂಥ ತಾಲ್ಲೂಕಿನ ಇಂಥ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಆದೇಶ ಕೊಡುತ್ತಿತ್ತು. ಹೋಗುವುದು ಬಿಡುವುದು ಆಮೇಲಿನ ಮಾತು, ಜಾಗವಂತೂ ಇರುತ್ತಿತ್ತು. ಇಲ್ಲಿಯೂ ಹಾಗೆಯೇ ಇರಬಹುದೆಂದು ನಾನು ಒಂದು ವರ್ಷದವರೆಗೂ ನಂಬಿದ್ದೆ. ಅಮೆರಿಕದ ಈ ಯೋಜನೆಯಲ್ಲಿ ಯಾರೂ ಯಾರನ್ನೂ ಎಲ್ಲಿಗೂ ನಿಯೋಜಿಸುವುದಿಲ್ಲ. ಕೆಲಸ ಮಾಡಬೇಕೆಂಬ ಕರಾರು ಸರ್ಕಾರದ್ದು, ಕೆಲಸ ಹುಡುಕಿಕೊಳ್ಳುವ ಹೊಣೆ ವಿದ್ಯಾರ್ಥಿಯದು, ಆ ಕೆಲಸ ಕರಾರಿಗೆ ಹೊಂದುತ್ತದೆ ಎಂದು ತೋರಿಸುವ ಹೊಣೆಯೂ ವಿದ್ಯಾರ್ಥಿಯದೇ. ಈ ಒಂದು ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಶುಲ್ಕ ಪೂರ್ತಿಯಾಗಿ ಪಾವತಿಯಾಗುತ್ತದೆ. ಅದರ ಮೇಲೆ ಪದವಿ ವಿದ್ಯಾರ್ಥಿಗೆ ವರ್ಷಕ್ಕೆ 27,000 ಡಾಲರ್, ಸ್ನಾತಕೋತ್ತರ ವಿದ್ಯಾರ್ಥಿಗೆ 37,000 ಡಾಲರ್ ನಿರ್ವಹಣಾ ವೇತನ, ಜೊತೆಗೆ ಪುಸ್ತಕ, ಪ್ರಯಾಣ, ಪ್ರಮಾಣಪತ್ರ ಪರೀಕ್ಷೆಗಳಂಥ ವೃತ್ತಿ ಸಂಬಂಧಿ ವೆಚ್ಚಕ್ಕೆ 6,000 ಡಾಲರ್‌ವರೆಗೆ ಸಿಗುತ್ತದೆ. ಗರಿಷ್ಠ ಅವಧಿ ಮೂರು ವರ್ಷ. ಎಷ್ಟು ಕಾಲ ವೇತನ ಪಡೆದರೋ ಅಷ್ಟೇ ಕಾಲದ ಸೇವೆ, ಅದೂ ಪದವಿ ಪಡೆದ ನಂತರದ್ದು. ಓದುವಾಗ ಬೇಸಿಗೆ ರಜೆಯಲ್ಲಿ ಮಾಡುವ ಸರ್ಕಾರಿ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ನೋಡುವವರು ಯಾರು ಎಂಬ ಪ್ರಶ್ನೆ. 2014ರ ಸೈಬರ್ ಭದ್ರತಾ ವರ್ಧನ ಕಾಯ್ದೆ ಈ ಹೊಣೆಯನ್ನು ಮೂರು ಕಡೆ ಹಂಚಿದೆ. ಹಣ ಕೊಡುವುದು ವಿಜ್ಞಾನ ಸಂಶೋಧನೆಗೆ ನೆರವು ನೀಡುವ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಷನ್. ವಿದ್ಯಾರ್ಥಿಗಳ ನೋಂದಣಿ, ಬಯೋಡೇಟಾ, ಕರಾರುಪತ್ರ, ನೌಕರಿಯ ದಾಖಲೆ ಇವುಗಳನ್ನೆಲ್ಲ ಒಂದು ಜಾಲತಾಣದಲ್ಲಿ ನಿರ್ವಹಿಸುವುದು ಆಫೀಸ್ ಆಫ್ ಪರ್ಸನೆಲ್ ಮ್ಯಾನೇಜ್‌ಮೆಂಟ್ (ಒಪಿಎಂ), ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಸಿಬ್ಬಂದಿ ಆಡಳಿತ ಕಚೇರಿ. ಆದರೆ ಕರಾರು ಪಾಲನೆಯ ಮೇಲೆ ಕಣ್ಣಿಡುತ್ತೇನೆಂದು ಒಪ್ಪಂದ ಮಾಡಿಕೊಳ್ಳುವುದು ವಿದ್ಯಾರ್ಥಿ ಓದಿದ ವಿಶ್ವವಿದ್ಯಾಲಯ. ಸೇವೆ ಮುಗಿಯುವವರೆಗೆ ಪ್ರತಿ ವರ್ಷ ತನ್ನ ವಿದ್ಯಾರ್ಥಿಗಳ ನೌಕರಿಯ ದಾಖಲೆಗಳನ್ನು ಅದು ಮೇಲಕ್ಕೆ ಕಳುಹಿಸಬೇಕು. ವಿದ್ಯಾರ್ಥಿಯ ಪಾಲಿಗೆ ಬರುವ ವಾಕ್ಯ ಚಿಕ್ಕದು: ಪರಿಶೀಲಿಸಬಹುದಾದ ನೌಕರಿಯ ದಾಖಲೆಯನ್ನು ವರ್ಷಕ್ಕೊಮ್ಮೆ ಕೊಡಬೇಕು, ತನ್ನ ವಿಳಾಸ ಮತ್ತು ಸಂಪರ್ಕದ ವಿವರಗಳನ್ನು ಸದಾ ಸರಿಯಾಗಿ ಇಟ್ಟಿರಬೇಕು.

ಆ ವಾಕ್ಯದ ಎರಡನೆಯ ಅರ್ಧದಲ್ಲಿಯೇ ನಾವು ಎಡವಿದ್ದು. ಮಗಳು ಪದವಿ ಮುಗಿಸಿ, ಕೆಲಸಕ್ಕೆ ಸೇರಿ, ಹೊಸ ಊರಿಗೆ ಮನೆ ಬದಲಾಯಿಸಿದ್ದಳು. ಜಾಲತಾಣದಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಕಾಲೇಜಿನ ಇಮೇಲ್. ಓದು ಮುಗಿದ ಕೆಲವು ತಿಂಗಳ ನಂತರ ಆ ಖಾತೆಯನ್ನು ಮುಚ್ಚಿದ್ದರು. ವಾರ್ಷಿಕ ದಾಖಲೆ ಕೊಡಿ ಎಂಬ ಮೊದಲ ಸೂಚನೆಯೂ ಅದರ ನೆನಪೋಲೆಯೂ ಆ ಮುಚ್ಚಿದ ಪೆಟ್ಟಿಗೆಗೇ ಹೋಗಿದ್ದವು. ಅಷ್ಟರಲ್ಲಿ ವಿಭಾಗದಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದವರೂ ಬೇರೆ ಕಡೆಗೆ ಹೋಗಿದ್ದರು. ಹಳೆಯ ಸಹಪಾಠಿಯೊಬ್ಬಳು ಫೋನಿನಲ್ಲಿ ಮಾತನಾಡುವಾಗ "ನಿನ್ನದು ಕಳುಹಿಸಿದೆಯಾ?" ಎಂದು ಕೇಳಿದ್ದರಿಂದ ನಮಗೆ ಗೊತ್ತಾಯಿತು, ಇಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ. ನಾನು ಗಾಬರಿಯಾಗಿ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದಾಗ, ಈ ವಿಷಯವನ್ನು ವಿದ್ಯಾರ್ಥಿಯ ಜೊತೆ ಮಾತ್ರ ಮಾತನಾಡುತ್ತೇವೆ ಎಂದು ವಿನಯವಾಗಿಯೇ ಹೇಳಿ ಇಟ್ಟುಬಿಟ್ಟರು. ಅದು ಕಾನೂನಿನಂತೆ ಸರಿಯೇ. ಕಾಲೇಜು ಸೇರಿದ ಮಕ್ಕಳ ಶೈಕ್ಷಣಿಕ ದಾಖಲೆಗಳ ಹಕ್ಕು 1974ರ ಕುಟುಂಬ ಶೈಕ್ಷಣಿಕ ಹಕ್ಕು ಮತ್ತು ಖಾಸಗಿತನ ಕಾಯ್ದೆಯ ಪ್ರಕಾರ ಮಕ್ಕಳದೇ ಹೊರತು ನಮ್ಮದಲ್ಲ. ಮಾರ್ಕ್ಸ್ ಕಾರ್ಡಿಗೆ ಅಪ್ಪ ಸಹಿ ಹಾಕುವ ಪದ್ಧತಿಯಲ್ಲಿ ಬೆಳೆದ ನನಗೆ ಇದನ್ನು ಅರಗಿಸಿಕೊಳ್ಳಲು ಹೊತ್ತು ಹಿಡಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳನ್ನು ಉಳಿಸಿದ್ದು ಅವಳದೇ ಒಂದು ಅಭ್ಯಾಸ. ಕೆಲಸಕ್ಕೆ ಸೇರಿದ ದಿನವೇ ಎಸ್‌ಎಫ್-50 ಎಂಬ ನೇಮಕಾತಿ ಪತ್ರವನ್ನು ಇಳಿಸಿಕೊಂಡು ತನ್ನ ಸ್ವಂತ ಖಾತೆಯಲ್ಲಿ ಇಟ್ಟಿದ್ದಳು. ಕೇಂದ್ರ ಸರ್ಕಾರದ ನೌಕರರಿಗೆ ನೇಮಕ, ಬಡ್ತಿ, ವರ್ಗಾವಣೆ, ರಾಜೀನಾಮೆ ಪ್ರತಿಯೊಂದಕ್ಕೂ ಒಂದು ಎಸ್‌ಎಫ್-50 ಹುಟ್ಟುತ್ತದೆ. ಹುದ್ದೆಯ ಹೆಸರು, ಶ್ರೇಣಿ, ಯಾವ ದಿನದಿಂದ ಜಾರಿ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ. ಇದು ಇಲೆಕ್ಟ್ರಾನಿಕ್ ಸೇವಾ ಕಡತದಲ್ಲಿ ಇರುತ್ತದಾದರೂ ನೌಕರಿ ಬಿಟ್ಟ ಮೇಲೆ ಆ ಕಡತಕ್ಕೆ ಮೊದಲಿನಂತೆ ಪ್ರವೇಶ ಇರುವುದಿಲ್ಲ. ಆದ್ದರಿಂದ ಬಿಡುವ ಮುನ್ನವೇ ಎಲ್ಲವನ್ನೂ ಇಳಿಸಿಕೊಳ್ಳಬೇಕು. ಅವಳು ಆ ಪತ್ರವನ್ನೂ ಹುದ್ದೆಯ ವಿವರಣೆಯನ್ನೂ ಕಳುಹಿಸಿದಳು, ವಿಳಾಸ ತಿದ್ದಿಸಿದಳು, ತಲುಪಿದೆ ಎಂಬ ಉತ್ತರ ಬರುವವರೆಗೆ ಬಿಡಲಿಲ್ಲ, ಆ ಉತ್ತರವನ್ನೂ ಕಡತಕ್ಕೆ ಸೇರಿಸಿದಳು. ಹುದ್ದೆಯ ವಿವರಣೆ ಏಕೆಂದರೆ, ಸರ್ಕಾರದಲ್ಲಿ ಯಾವುದೋ ಒಂದು ಕೆಲಸ ಮಾಡಿದರೆ ಸಾಲದು, ಸೈಬರ್ ಭದ್ರತೆಗೆ ಸಂಬಂಧಿಸಿದ ಕೆಲಸವೇ ಆಗಿರಬೇಕು. ರಾಜ್ಯ ಅಥವಾ ನಗರಾಡಳಿತದ ಕೆಲಸವೂ ಸಲ್ಲುತ್ತದೆ. ಆದರೆ ಕನಿಷ್ಠ ಶೇ 70ರಷ್ಟು ಮಂದಿ ಕೇಂದ್ರ ಸರ್ಕಾರದ ಇಲಾಖೆಗಳಿಗೇ ಹೋಗಬೇಕೆಂಬ ಆದ್ಯತೆ ಇರುವುದರಿಂದ, ಅಂಥ ಕೆಲಸ ಒಪ್ಪಿಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಯೋಜನಾ ಮುಖ್ಯಸ್ಥರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಇರುವ ಅವಧಿ 18 ತಿಂಗಳು. ಕೇಳುವುದಕ್ಕೆ ಧಾರಾಳವಾಗಿ ಕಾಣುವ ಈ ಅವಧಿ ಭದ್ರತಾ ಪರಿಶೀಲನೆಯಲ್ಲಿ ಹೇಗೆ ಕರಗುತ್ತದೆ ಎಂಬುದನ್ನು ನಮ್ಮಂಥ ಕುಟುಂಬಗಳು ವಿಶೇಷವಾಗಿ ತಿಳಿದಿರಬೇಕು. ಎಸ್‌ಎಫ್-86 ಎಂಬ ನಮೂನೆಯಲ್ಲಿ ಹತ್ತು ವರ್ಷಗಳ ವಾಸದ ವಿಳಾಸ, ಏಳು ವರ್ಷಗಳ ವಿದೇಶ ಪ್ರಯಾಣ, ಆತ್ಮೀಯ ಒಡನಾಟವಿರುವ ವಿದೇಶಿ ಪ್ರಜೆಗಳ ವಿವರ, ವಿದೇಶದಲ್ಲಿರುವ ಆಸ್ತಿ, ಬ್ಯಾಂಕ್ ಖಾತೆ ಎಲ್ಲವನ್ನೂ ಕೇಳುತ್ತಾರೆ. ವಾರಕ್ಕೊಮ್ಮೆ ವಾಟ್ಸ್ಆ್ಯಪ್‌ನಲ್ಲಿ ಮಾತನಾಡುವ ಕಡೂರಿನ ಅಜ್ಜಿ ಈ ನಮೂನೆಯ ಪಾಲಿಗೆ ವಿದೇಶಿ ಪ್ರಜೆ. ಅಜ್ಜಿಯ ಹುಟ್ಟಿದ ದಿನಾಂಕ ಬೇಕೆಂದು ಮಗಳು ಕೇಳಿದಾಗ, "ಶ್ರಾವಣದಲ್ಲಿ, ನಾಗರಪಂಚಮಿ ಕಳೆದು ಮೂರನೇ ದಿನ" ಎಂಬ ಉತ್ತರ ಬಂತು, ವರ್ಷ ಗೊತ್ತಿರಲಿಲ್ಲ. ಆಧಾರ್‌ನಲ್ಲಿ ಒಂದು ದಿನಾಂಕ, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು. ತಾತ ಪ್ರೀತಿಯಿಂದ ಮೊಮ್ಮಗಳ ಹೆಸರು ಸೇರಿಸಿ ತೆರೆದಿದ್ದ ಜಂಟಿ ಠೇವಣಿಯೊಂದು ಇದೆ ಎಂಬುದು ನನಗೇ ಆಗ ತಿಳಿದದ್ದು. ಇವುಗಳಲ್ಲಿ ಯಾವುದೂ ಅಪರಾಧವಲ್ಲ, ಮುಚ್ಚಿಡುವುದು ಮಾತ್ರ ಅಪರಾಧ. ಆದರೆ ಪ್ರತಿಯೊಂದಕ್ಕೂ ವಿವರಣೆ ಬರೆದು, ತನಿಖಾಧಿಕಾರಿಯ ಸಂದರ್ಶನ ಮುಗಿದು, ಅವಳು ಕೆಲಸಕ್ಕೆ ಸೇರುವಷ್ಟರಲ್ಲಿ ಪದವಿ ಪಡೆದು ಹತ್ತು ತಿಂಗಳು ಕಳೆದಿತ್ತು. ಮಕ್ಕಳು ಎರಡನೆಯ ವರ್ಷದಲ್ಲಿರುವಾಗಲೇ ಈ ವಿವರಗಳನ್ನು ಊರಿನಿಂದ ತರಿಸಿ ಇಟ್ಟುಕೊಳ್ಳುವುದು ತಂದೆತಾಯಿಗಳು ಮಾಡಬಹುದಾದ ಒಂದು ನಿಜವಾದ ಸಹಾಯ.

ಅವಳಿಗಿಂತ ಎರಡು ವರ್ಷ ಕಿರಿಯರ ಪಾಡು ಇನ್ನೂ ಕಷ್ಟದ್ದು. 2025ರ ಜನವರಿ 20ರಂದು ಕೇಂದ್ರ ಸರ್ಕಾರದ ನಾಗರಿಕ ಹುದ್ದೆಗಳ ನೇಮಕಾತಿಗೆ ತಡೆ ಬಿತ್ತು. ಆ ದಿನಕ್ಕೆ ಮೊದಲೇ ಕೆಲಸದ ಪತ್ರ ಒಪ್ಪಿಕೊಂಡಿದ್ದವರಲ್ಲಿಯೂ ಫೆಬ್ರವರಿ 8ರೊಳಗೆ ಸೇರುವ ದಿನಾಂಕ ಇದ್ದವರನ್ನಷ್ಟೇ ಸೇರಿಸಿಕೊಳ್ಳಿ ಎಂಬ ಸೂಚನೆ ಹೊರಟಿತು. ಮೇ ತಿಂಗಳಲ್ಲಿ ಪದವಿ ಪಡೆಯಲಿದ್ದ ವಿದ್ಯಾರ್ಥಿಯ ಸೇರುವ ದಿನಾಂಕ ಫೆಬ್ರವರಿಯಲ್ಲಿ ಇರಲು ಹೇಗೆ ಸಾಧ್ಯ? ತಡೆಯನ್ನು ಆಮೇಲೆ ಜುಲೈವರೆಗೆ, ಮತ್ತೆ ಅಕ್ಟೋಬರ್‌ವರೆಗೆ ವಿಸ್ತರಿಸಿದರು. ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಹುದ್ದೆಗಳಿಗೆ ವಿನಾಯಿತಿ ಇತ್ತಾದರೂ ಯಾವ ಹುದ್ದೆ ಆ ಸಾಲಿಗೆ ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ವಿದ್ಯಾರ್ಥಿಯ ಕೈಯಲ್ಲಿ ಇರಲಿಲ್ಲ. ಸರ್ಕಾರ ತಾನೇ ಬಾಗಿಲು ಮುಚ್ಚಿ, ಒಳಗೆ ಬರಲಿಲ್ಲವೆಂದು ಸಾಲ ಬರೆಯುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಅಂಥ ಸ್ಥಿತಿಯಲ್ಲಿರುವವರು ಸಲ್ಲಿಸಿದ ಪ್ರತಿಯೊಂದು ಅರ್ಜಿ, ಬಂದ ಪ್ರತಿಯೊಂದು ತಿರಸ್ಕಾರ, ಹಿಂಪಡೆದ ಪ್ರತಿಯೊಂದು ಕೆಲಸದ ಪತ್ರವನ್ನು ದಿನಾಂಕಸಹಿತ ಇಟ್ಟುಕೊಂಡು, ಅವಧಿ ವಿಸ್ತರಣೆಯ ಕೋರಿಕೆಯನ್ನು 18 ತಿಂಗಳು ಮುಗಿಯುವ ಮೊದಲೇ ಬರಹದಲ್ಲಿ ಸಲ್ಲಿಸಬೇಕು.

ಸೇವೆ ಪೂರ್ತಿಯಾಗದಿದ್ದರೆ ಲೆಕ್ಕ ಹೀಗಿದೆ. ಒಂದು ವರ್ಷವನ್ನೂ ಪೂರೈಸದಿದ್ದರೆ ಪಡೆದ ಮೊತ್ತವೆಲ್ಲ ವಾಪಸು, ಒಂದು ವರ್ಷ ಅಥವಾ ಹೆಚ್ಚು ಪೂರೈಸಿದ್ದರೆ ಮಾಡಿದ ಸೇವೆಯ ಪ್ರಮಾಣದಷ್ಟು ಕಡಿತ. ಕಟ್ಟದೆ ಉಳಿದದ್ದು ಬಡ್ಡಿಸಹಿತ ಕೇಂದ್ರ ಶಿಕ್ಷಣ ಸಾಲವಾಗಿ ಬದಲಾಗುತ್ತದೆ. ಓದನ್ನು ಅರ್ಧಕ್ಕೆ ಬಿಟ್ಟವರಿಗೂ ಶಿಸ್ತುಕ್ರಮದಿಂದ ಹೊರಹೋದವರಿಗೂ ಮರುಪಾವತಿ ತಪ್ಪುವುದಿಲ್ಲ. ವೈದ್ಯಕೀಯ ಕ್ಷೇತ್ರದ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ವಿದ್ಯಾರ್ಥಿವೇತನಕ್ಕೆ ಹೋಲಿಸಿದರೆ ಇದು ಸೌಮ್ಯ. ಅಲ್ಲಿ ಕರಾರು ಮುರಿದರೆ ಬಾಕಿಯ ಮೂರು ಪಟ್ಟು, ಬಡ್ಡಿಯ ಜೊತೆಗೆ ಕಟ್ಟಬೇಕಾಗುತ್ತದೆ.

ದಾಖಲೆಯ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ, ಶಿಕ್ಷಕರಾಗುವವರಿಗೆ ಕೊಡುವ ಟೀಚ್ ಅನುದಾನದ ಕಥೆ. ವರ್ಷಕ್ಕೆ 4,000 ಡಾಲರ್‌ವರೆಗೆ ಸಿಗುವ ಈ ಅನುದಾನ ಪಡೆದವರು, ಓದು ಮುಗಿಸಿದ ಎಂಟು ವರ್ಷಗಳ ಒಳಗೆ ನಾಲ್ಕು ವರ್ಷ ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯವನ್ನು ಬೋಧಿಸಬೇಕು. ಬೋಧಿಸುತ್ತಿದ್ದೇನೆ ಎಂಬ ನಮೂನೆಯನ್ನು ವರ್ಷವರ್ಷವೂ ತುಂಬಿ ಕಳುಹಿಸಬೇಕಿತ್ತು. ಸಹಿ ಬಿಟ್ಟುಹೋಯಿತು, ಕೆಲವು ದಿನ ತಡವಾಯಿತು ಎಂಬ ಕಾರಣಕ್ಕೆ, ತರಗತಿಯಲ್ಲಿ ನಿಂತು ಪಾಠ ಮಾಡುತ್ತಲೇ ಇದ್ದವರ ಅನುದಾನವೂ ಸಾಲವಾಗಿ ಬದಲಾಯಿತು, ಬಡ್ಡಿಯನ್ನು ಹಣ ಕೊಟ್ಟ ದಿನದಿಂದಲೇ ಲೆಕ್ಕ ಹಾಕಲಾಯಿತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 2015ರ ವರದಿಯ ಪ್ರಕಾರ 1,12,000ಕ್ಕೂ ಹೆಚ್ಚು ಫಲಾನುಭವಿಗಳಲ್ಲಿ 36,000ಕ್ಕೂ ಹೆಚ್ಚು ಮಂದಿಯ ಅನುದಾನ ಸಾಲವಾಗಿತ್ತು, ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಕರಣಗಳು ತಪ್ಪಾಗಿ ಬದಲಾದವು. 2018ರ ಕೊನೆಗೆ ಶಿಕ್ಷಣ ಇಲಾಖೆ ಹಳೆಯ ಪ್ರಕರಣಗಳ ಮರುಪರಿಶೀಲನೆಗೆ ಒಪ್ಪಿತು. 2021ರ ಜುಲೈನಿಂದ ಜಾರಿಗೆ ಬಂದ ನಿಯಮದಲ್ಲಿ, ವಾರ್ಷಿಕ ನಮೂನೆ ತಪ್ಪಿದ ಮಾತ್ರಕ್ಕೆ ಸಾಲವಾಗುವುದು ನಿಂತಿತು. ಆ ಶಿಕ್ಷಕರ ಪೈಕಿ ಹೆಚ್ಚಿನವರ ಜಗಳ ಪಾಠ ಮಾಡಿದೆವೋ ಇಲ್ಲವೋ ಎಂಬುದರ ಬಗ್ಗೆ ಆಗಿರಲಿಲ್ಲ, ಕಾಗದ ತಲುಪಿತೋ ಇಲ್ಲವೋ ಎಂಬುದರ ಬಗ್ಗೆ ಆಗಿತ್ತು. ನನ್ನ ಮಗಳು ಆ ದಿನ ಎದುರಿಸಿದ್ದೂ ಅದನ್ನೇ.

ಕೊನೆಯದಾಗಿ, ಪ್ರಶ್ನೆ ಕೇಳಿದ ತಾಯಿ ತಮ್ಮ ಕುಟುಂಬಕ್ಕೆ ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಯಿತೆಂದು ಬರೆದಿದ್ದರು. ಇದು ಅವರು ಕೇಳದಿದ್ದ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನೌಕರಿ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಈ ವಿದ್ಯಾರ್ಥಿವೇತನ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ. ಆದರೆ ಕೇಂದ್ರ ಸರ್ಕಾರದ ಬಹುಪಾಲು ಹುದ್ದೆಗಳು ಪೌರರಿಗೆ ಮೀಸಲು, ಭದ್ರತಾ ಅನುಮತಿಯೂ ಪೌರರಿಗೇ. ಅಂದರೆ ವೇತನ ಪಡೆಯುವ ಅರ್ಹತೆ ಇದ್ದೂ ಕರಾರು ತೀರಿಸುವ ಅರ್ಹತೆ ಇಲ್ಲದ ಸ್ಥಿತಿ ಬರಬಹುದು. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಬಂದ ಐದು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ತಂದೆ ಅಥವಾ ತಾಯಿ ಪೌರರಾಗುವಾಗ, ಗ್ರೀನ್ ಕಾರ್ಡ್ ಹೊಂದಿ ಅವರ ಜೊತೆಯಲ್ಲೇ ಇರುವ ಮಗುವಿಗೆ 18 ತುಂಬಿರದಿದ್ದರೆ ಪೌರತ್ವ ತಾನಾಗಿ ಬರುತ್ತದೆ. ನಿಮ್ಮ ಮಗನಿಗೆ 20 ವರ್ಷವಾದ್ದರಿಂದ ಅವನು ತನ್ನದೇ ಅರ್ಜಿ ಹಾಕಬೇಕು, ಅದಕ್ಕೆ ಇನ್ನೂ ಮೂರು ವರ್ಷ ಇದೆ. ವಿದ್ಯಾರ್ಥಿವೇತನ ಎರಡು ವರ್ಷದ್ದಾದರೆ, ಪದವಿ ಮುಗಿದು 18 ತಿಂಗಳು ಕಳೆಯುವ ಹೊತ್ತಿಗೆ ಅವನ ಪ್ರಮಾಣವಚನ ಆಗಿರುತ್ತದೆಯೇ, ಆಮೇಲೆ ಭದ್ರತಾ ಪರಿಶೀಲನೆಗೆ ಎಷ್ಟು ತಿಂಗಳು ಉಳಿಯುತ್ತದೆ ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿ ನೋಡಿ. ಆ ಎಣಿಕೆಯನ್ನು ಅವನೇ ಯೋಜನಾ ಮುಖ್ಯಸ್ಥರಿಗೆ ಇಮೇಲ್‌ನಲ್ಲಿ ಬರೆದು, ಅವಧಿ ಸಾಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಲಿ, ಉತ್ತರ ಬರಹದಲ್ಲಿ ಬಂದ ಮೇಲೆ ಸಹಿ ಹಾಕಲಿ. ಆ ಇಮೇಲ್ ಮಾತ್ರ ಕಾಲೇಜಿನ ಖಾತೆಯಿಂದ ಹೋಗದಿರಲಿ.