ಮೂಸ್ ಬೇಟೆಗೆ ಅಳಿಯ ಕರೆಯುತ್ತಿದ್ದಾನೆ, ಜೊತೆಗೆ ಹೋಗಬಹುದಾ?

ಮದ್ದೂರು ಮೇಷ್ಟ್ರು ಕೇಳಿದ್ದು:

ನಮಸ್ಕಾರ. ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತಿಯಾದವನು, ವಯಸ್ಸು 61. ಮಗಳು, ಅಳಿಯ ಟೊರೊಂಟೊದಲ್ಲಿದ್ದಾರೆ. ಅಳಿಯ ಬರುವ ಸೆಪ್ಟೆಂಬರಿನಲ್ಲಿ ಕೆನಡಾದ ಯುಕಾನ್ ಕಾಡಿನಲ್ಲಿ ಹತ್ತು ದಿನದ ಮೂಸ್ ಬೇಟೆ ಗೊತ್ತು ಮಾಡಿದ್ದಾನೆ. ಮೂಸ್ ಅಂದರೆ ಅಲ್ಲಿಯ ಒಂದು ದೊಡ್ಡ ಜಿಂಕೆಯಂತೆ. ಗೈಡ್ ಇರುತ್ತಾರಂತೆ. "ನೀವು ಬಂದೂಕು ಹಿಡಿಯೋದು ಬೇಡ ಮಾವ, ಸುಮ್ನೆ ಜೊತೆಗೆ ಬನ್ನಿ" ಅನ್ನುತ್ತಾನೆ.

ನಮ್ಮ ತಂದೆ 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನೋಡಲು ಹೋಗಿದ್ದರು. ಆನೆ ಹಿಡಿಯುವುದನ್ನು ನೋಡಿ ಬಂದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಹೇಳುತ್ತಿದ್ದರು. ಅಲ್ಲಿ ಪ್ರಾಣಿಯನ್ನು ಕೊಲ್ಲುವುದೂ ಇರಲಿಲ್ಲ. ನನ್ನಿಂದ ಇದನ್ನು ನೋಡಲು ಆಗುತ್ತದಾ ಅನ್ನುವುದೇ ದೊಡ್ಡ ಪ್ರಶ್ನೆ. ಬಲಗಾಲಿನ ಮಂಡಿಯೂ ನೋಯುತ್ತದೆ. ಕೊಂಬನ್ನು ನಮ್ಮ ಊರಿನ ಮನೆಗೇ ತಂದು ಹಾಕೋಣ ಅಂತಲೂ ಅಳಿಯ ಹೇಳುತ್ತಿದ್ದಾನೆ. ತಿಳಿದವರು ಹೇಳಿ.

ಕುಕ್ಕರಹಳ್ಳಿ ಹಕ್ಕಿ ನೋಡುವವ:

ಮೇಷ್ಟ್ರೇ, ನಾನು ಮೈಸೂರಿನವನು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬರದೇ ಹೋಗಿದ್ದರೆ ಬಂಡೀಪುರ, ನಾಗರಹೊಳೆಯಲ್ಲಿ ಇವತ್ತು ಏನು ಉಳಿದಿರುತ್ತಿತ್ತು ಹೇಳಿ. ಹುಲಿ, ಚಿರತೆಯ ಚರ್ಮಕ್ಕೆ ಒಳಗಡೆ ತುಂಬಿ ನಿಲ್ಲಿಸುವ ವ್ಯಾನ್ ಇಂಗನ್ ಕಾರ್ಖಾನೆ ನಮ್ಮ ಊರಲ್ಲೇ ಇತ್ತು, 1999ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಪ್ರತಿ ತಲೆಯೂ ಒಂದು ಕಾಡಿನಿಂದ ಕಡಿಮೆಯಾಗಿದ್ದು. ಗೋಡೆ ಮೇಲಿನ ಕೊಂಬಿಗೋಸ್ಕರ ಒಂದು ಜೀವ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ತೆಗೆದುಕೊಂಡು ಹೋಗಿ.

ಪಾಂಡವಪುರದ ಅಡುಗೆಯವ:

ಮೇಷ್ಟ್ರೇ, ನಾನು ಯುಕಾನ್‌ನಲ್ಲಿ ಇಂಥದ್ದೇ ಒಂದು ಬೇಟೆ ಕ್ಯಾಂಪಿನಲ್ಲಿ ಎರಡು ಸೀಸನ್ ಅಡುಗೆ ಮಾಡಿದ್ದೇನೆ. ಗುಂಡು ಹೊಡೆದಿಲ್ಲ. ಆದರೆ ಮಾಂಸ ಹೊತ್ತಿದ್ದೇನೆ, ಬೇಯಿಸಿದ್ದೇನೆ. ಅಷ್ಟು ಮಟ್ಟಿಗೆ ಹೇಳಬಲ್ಲೆ.

ಮೊದಲು ಪ್ರಾಣಿಯ ಗಾತ್ರ ತಿಳಿದುಕೊಳ್ಳಿ. ಮೂಸ್ ಕೂಡ ಜಿಂಕೆ ಜಾತಿಯದೇ, ಆದರೆ ನಮ್ಮ ಕಡವೆ ಅದರ ಪಕ್ಕ ಕರುವಿನ ಹಾಗೆ ಕಾಣುತ್ತದೆ. ಭುಜವೇ ಆಳೆತ್ತರ ದಾಟುತ್ತದೆ. ದೊಡ್ಡ ಗಂಡು 600 ಕೆಜಿ ತೂಗುತ್ತದೆ. ಇಪ್ಪತ್ತು ಬನ್ನೂರು ಕುರಿ ಒಟ್ಟಿಗೆ ತೂಗಿದ ಲೆಕ್ಕ. ಅಗಲಿಸಿದ ಅಂಗೈಯಂಥ ಕೊಂಬು ಈ ತುದಿಯಿಂದ ಆ ತುದಿಗೆ ಐದಡಿ ಇರುವುದುಂಟು. ಆ ಕೊಂಬು ಚಳಿಗಾಲದಲ್ಲಿ ತಾನಾಗಿ ಉದುರಿ, ಮುಂದಿನ ಬೇಸಿಗೆಯಲ್ಲಿ ಮತ್ತೆ ಹೊಸದಾಗಿ ಬೆಳೆಯುತ್ತದೆ.

ಅಳಿಯ ಯುಕಾನ್‌ನ ನಿವಾಸಿ ಅಲ್ಲ, ಅದಕ್ಕೇ ಗೈಡ್ ಇಲ್ಲದೆ ಬೇಟೆಯಾಡುವ ಹಾಗಿಲ್ಲ. ಅದು ಅಲ್ಲಿಯ ಕಾನೂನು. ಇದಕ್ಕೆ 20 ಸಾವಿರ ಡಾಲರ್‌ಗಿಂತ ಜಾಸ್ತಿಯೇ ಆಗುತ್ತದೆ. ಅಷ್ಟು ಕೊಟ್ಟರೂ ಪ್ರಾಣಿ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ಬಂದೂಕು ಹಿಡಿಯದ ನಿಮಗೆ ಲೈಸೆನ್ಸ್ ಬೇಡ, ಊಟ ವಸತಿಯ ಹಣ ಮಾತ್ರ ಬೇರೆ.

ದಿನವಿಡೀ ಕೆಲಸ ಅಂದ್ರೆ ಕೂತು ನೋಡುವುದು. ಒಂದು ದಿಣ್ಣೆ ಹತ್ತಿ ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂರಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಗಂಡಿಗೆ ಮದ ಬರುತ್ತದೆ. ಆಗ ಗೈಡ್ ಹೆಣ್ಣಿನ ಹಾಗೆ ಕೂಗುತ್ತಾನೆ. ಕರು ಕಾಣದೆ ಎಮ್ಮೆ ಎಳೆದೆಳೆದು ಕೂಗುವುದನ್ನು ಕೇಳಿದ್ದೀರಲ್ಲ, ಹೆಚ್ಚೂಕಮ್ಮಿ ಅದೇ. ಆಮೇಲೆ ಒಣಗಿದ ಹೆಗಲಮೂಳೆಯಿಂದ ಪೊದೆ ಉಜ್ಜುತ್ತಾನೆ. ಇನ್ನೊಂದು ಗಂಡು ಕೊಂಬು ತಿಕ್ಕುತ್ತಿದೆ ಅಂತ ಕೇಳಿದ ಗಂಡಿಗೆ ಅನಿಸಬೇಕು. ಗಾಳಿ ತಿರುಗಿ ನಮ್ಮ ವಾಸನೆ ಅದಕ್ಕೆ ತಗುಲಿದರೆ ಅವತ್ತಿನ ಕೆಲಸ ಮುಗಿಯಿತು.

ನಿಜವಾದ ಕೆಲಸ ಗುಂಡು ಬಿದ್ದ ಮೇಲೆ. ಅಳಿಯನಿಗೂ ಇದನ್ನು ಹೇಳಿ. ಕೊಂಬು ಕಡಿದುಕೊಂಡು ಮಾಂಸ ಬಿಟ್ಟು ಬಂದರೆ ಅದು ಅಪರಾಧ. ಚರ್ಮ ಸುಲಿದು, ತೊಡೆ, ಮುಂಗಾಲು ಬೇರೆ ಮಾಡಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ಕಟ್ಟಿ ಹೊರಬೇಕು. ಒಂದು ಹಿಂದೊಡೆಯೇ ಐವತ್ತು ಕೆಜಿ ದಾಟುತ್ತದೆ. ಮಾಂಸ ಬಿಸಿಯಾಗಿ ಉಳಿದರೆ ಮೂಳೆಯ ಸುತ್ತ ಕೆಡಲು ಶುರುವಾಗುತ್ತದೆ. ಹಾಗಾಗಿ ರಾತ್ರಿಯಾದರೂ ಕೈ ನಿಲ್ಲಿಸುವಂತಿಲ್ಲ. ರಕ್ತದ ವಾಸನೆಗೆ ಗ್ರಿಜ್ಲಿ ಕರಡಿ ಬರುತ್ತದೆ. ಒಬ್ಬ ಬಂದೂಕು ಹಿಡಿದು ಕಾಯುತ್ತಲೇ ಇರಬೇಕು.

ನನ್ನ ಮೊದಲ ಸೀಸನ್ನಿನಲ್ಲಿ ಒಬ್ಬ ಬೇಟೆಗಾರ ಗೈಡ್ ಬೇಡ ಅಂದರೂ ಕೆರೆಯಂಚಿನಲ್ಲಿದ್ದ ಮೂಸ್‌ಗೆ ಹೊಡೆದುಬಿಟ್ಟ. ಅದು ನಾಲ್ಕು ಹೆಜ್ಜೆ ನೀರಿಗೆ ಇಳಿದು ಬಿತ್ತು. ಐದು ಜನ ಸೊಂಟದುದ್ದ ತಣ್ಣೀರಿನಲ್ಲಿ ನಿಂತು, ಹಗ್ಗ ಕಟ್ಟಿ, ಎಳೆಯಲಾಗದೆ ಅಲ್ಲೇ ಕೊಯ್ದೆವು. ಮುಗಿದಾಗ ರಾತ್ರಿ ಎರಡು ಗಂಟೆ. ಬೆರಳು ಮಡಿಸಲು ಆಗುತ್ತಿರಲಿಲ್ಲ. ಆದರೂ ಒಂದು ತುಂಡು ಬಿಡಲಿಲ್ಲ.

ಹಕ್ಕಿ ನೋಡುವವರೇ, ನಿಮ್ಮ ಮಾತು ನಮ್ಮ ಕಾಡಿಗೆ ಪೂರ್ತಿ ಸರಿ. ನನಗೂ ಬರೀ ಕೊಂಬಿಗೆ ಬರುವವರನ್ನು ಕಂಡರೆ ಆಗುವುದಿಲ್ಲ. ಆದರೆ ಅಲ್ಲಿಯ ಮೂಲನಿವಾಸಿಗಳಿಗೆ ಮೂಸ್ ಅಂದ್ರೆ ಚಳಿಗಾಲದ ಊಟ. ನಮ್ಮ ಕ್ಯಾಂಪಿನ ಮಾಂಸದಲ್ಲಿ ಒಂದು ಪಾಲು ಹತ್ತಿರದ ಹಳ್ಳಿಗೆ ಹೋಗುತ್ತಿತ್ತು. ಒಬ್ಬ ಅಜ್ಜಿ ಬಂದು ಮೂಗಿನ ಭಾಗ ಕೇಳಿ ಪಡೆದುಕೊಂಡರು. ಅವರಿಗೆ ಅದೇ ರುಚಿ. ನನ್ನ ಮಟ್ಟಿಗೆ ಆ ಪಾಲು ತಲುಪದ ಬೇಟೆ ಬೇಟೆಯೇ ಅಲ್ಲ.

ಕೊಂಬು ಊರಿಗೆ ತರುವ ಯೋಚನೆ ಬಿಟ್ಟುಬಿಡಿ. ನಮ್ಮಲ್ಲಿ ಕಾಡಲ್ಲಿ ಉದುರಿ ಬಿದ್ದ ಕಡವೆ ಕೊಂಬು ಮನೆಯಲ್ಲಿಟ್ಟರೂ ಕೇಸ್ ಆಗುತ್ತದೆ. ಅದು ಟೊರೊಂಟೊದಲ್ಲೇ ಇರಲಿ.

ಮದ್ದೂರು ಮೇಷ್ಟ್ರು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಹಕ್ಕಿ ನೋಡುವವರ ಮಾತೂ ಮನಸ್ಸಿನಲ್ಲಿ ಕೂತಿದೆ. ಮಾಂಸವೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಗೈಡ್ ಹತ್ತಿರ ಕೇಳಿ ಹೇಳು ಅಂತ ಅಳಿಯನಿಗೆ ಫೋನ್ ಮಾಡಿದೆ. ಅವನು ಅದನ್ನು ಕೇಳಿಯೇ ಇರಲಿಲ್ಲ. ಉತ್ತರ ಬಂದ ಮೇಲೆ ತೀರ್ಮಾನ ಮಾಡುತ್ತೇನೆ. ಮಂಡಿಯ ಬಗ್ಗೆ ಏನನ್ನುತ್ತೀರಿ?

ಪಾಂಡವಪುರದ ಅಡುಗೆಯವ:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮಂಡಿ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿಯ ನೆಲ ನಾಟಿಗೆ ಹದ ಮಾಡಿದ ಗದ್ದೆ ಇದ್ದಂಗೆ, ಅದರ ತುಂಬ ತೆಂಗಿನಕಾಯಿ ಹರಡಿದಂತೆ ಹುಲ್ಲಿನ ಗುಡ್ಡೆಗಳು. ಹೆಜ್ಜೆಹೆಜ್ಜೆಗೂ ಪಾದ ತಿರುಚುತ್ತದೆ. ಡಾಕ್ಟರಿಗೆ ತೋರಿಸಿ. ಅವರು ಸರಿ ಅಂದರೆ ಈಗಿನಿಂದಲೇ ವಾರಕ್ಕೆ ಎರಡು ಸಲ ನಮ್ಮ ಕುಂತಿಬೆಟ್ಟ ಹತ್ತಿ. ಬೆನ್ನ ಮೇಲೆ ಒಂದು ಚೀಲದಲ್ಲಿ ಐದು ಕೆಜಿ ಬೆಲ್ಲ ಇಟ್ಟುಕೊಳ್ಳಿ. ಇಳಿಯುವಾಗ ಮಂಡಿ ನೋಯದಿದ್ದರೆ ಹೋಗಬಹುದು. ನೋವಾದರೆ ಕ್ಯಾಂಪಿನಲ್ಲೇ ಇರಿ, ಅಡುಗೆಯವರಿಗೆ ಮುದ್ದೆ ಕಟ್ಟುವುದು ಹೇಳಿಕೊಡಿ. ಮೂಸ್ ಸಾರಿಗೆ ಮುದ್ದೆ ಚೆನ್ನಾಗಿ ಒಗ್ಗುತ್ತದೆ, ನಾನೇ ಮಾಡಿ ಬಡಿಸಿದ್ದೇನೆ. ರಾಗಿ ಹಿಟ್ಟು ಟೊರೊಂಟೊದಲ್ಲೇ ಸಿಗುತ್ತದೆ.