ಅಕ್ಕನ ಗುಂಗುರು ಕೂದಲ ಸುತ್ತ ಹಸಿರು ಅಂಚು, ಏನು ಮಾಡಿದರೂ ಹೋಗ್ತಿಲ್ಲ (ಗಿಂಪ್)

ಗುಂಗುರು ತಮ್ಮ

ಎಲ್ಲರಿಗೂ ನಮಸ್ಕಾರ. ಅಕ್ಕನ ಮೊದಲ ಕವನ ಸಂಕಲನ ಅಚ್ಚಿಗೆ ಹೋಗ್ತಿದೆ, ಹಿಂಬದಿಯ ರಕ್ಷಾಪುಟಕ್ಕೆ ಅವಳ ಫೋಟೊ ಬೇಕು. ಕ್ಯಾಮೆರಾ ಎತ್ತಿದರೆ ಸಾಕು, ಕಲ್ಲಿನ ಹಾಗೆ ನಿಂತುಬಿಡ್ತಾಳೆ. ನಗ್ತಾ ಇರೋ ಫೋಟೊ ಇರೋದು ಒಂದೇ ಒಂದು, ಅದೂ ನಾನು ಮೊಬೈಲಲ್ಲಿ ಕದ್ದು ತೆಗೆದದ್ದು. ತಲೆಯ ಹಿಂದೆ ಮೇಲ್ಗಡೆ ಮೋಡದ ಬಿಳಿ ಆಕಾಶ, ಕಿವಿಯಿಂದ ಕೆಳಗೆ ಹಸಿರು ಬೇಲಿ. ಪುಟದ ಬಣ್ಣ ಕಡು ನೀಲಿ.

ಫೋಟೊ ತಿದ್ದೋ ಗಿಂಪ್ ತಂತ್ರಾಂಶದಲ್ಲಿ, ಒಂದೇ ಬಣ್ಣದ ಜಾಗ ಆರಿಸೋ ಫಜಿ ಸೆಲೆಕ್ಟ್‌ನಿಂದ ಆಕಾಶ ಆರಿಸಿ ಡಿಲೀಟ್ ಮಾಡಿದೆ. ಬೇಲಿಯನ್ನು ಎರೇಸರ್ ಹಿಡಿದು 400% ಜೂಮ್‌ನಲ್ಲಿ ಮೂರು ರಾತ್ರಿ ಉಜ್ಜಿದೆ. ಈಗ ನೀಲಿ ಮೇಲೆ ಇಟ್ಟರೆ ನೆತ್ತಿಯ ಸುತ್ತ ಬಿಳಿ ಗೆರೆ, ಕತ್ತಿನ ಹತ್ತಿರ ಹಸಿರು ಗೆರೆ. ಕಿವಿಯ ರಿಂಗಿನ ಒಳಗೆ ಒಂದು ತುಂಡು ಬೇಲಿ ಇನ್ನೂ ಕೂತಿದೆ. ಜೆಪೆಗ್ ಮಾಡಿ ಕಳಿಸಿದರೆ ಹಿನ್ನೆಲೆ ಮತ್ತೆ ಬಿಳಿ ಆಗಿದೆ ಅಂದರು ಅಚ್ಚಿನವರು. ಎಲ್ಲಿ ತಪ್ಪಿದೆ?

ಒಂದೇ ಕ್ಲಿಕ್ಕು

ಇಷ್ಟೆಲ್ಲ ಒದ್ದಾಟ ಯಾಕೆ ಬ್ರೋ? ಐಫೋನ್ ಇದ್ದರೆ ಫೋಟೊದಲ್ಲಿರೋ ವ್ಯಕ್ತಿಯ ಮೇಲೆ ಬೆರಳು ಒತ್ತಿ ಹಿಡಿ, ತಾನೇ ಕತ್ತರಿಸಿ ಕೊಡುತ್ತೆ. ಐಓಎಸ್ 16ರಿಂದ ಇದೆ. ಫೋಟೊಶಾಪ್‌ನಲ್ಲಾದರೆ ಸೆಲೆಕ್ಟ್ ಸಬ್ಜೆಕ್ಟ್.

ಹಳೇ ಕತ್ತರಿ

ಒಂದೇ ಕ್ಲಿಕ್ಕು ಅವರೇ, ಭುಜ, ತೋಳಿಗೆ ಅದು ಸಾಕು. ಗುಂಗುರು ಕೂದಲನ್ನು ಕೊಟ್ಟು ನೋಡಿ, ಹೆಲ್ಮೆಟ್ ಹಾಕಿಸಿ ವಾಪಸ್ ಕೊಡುತ್ತೆ. ರಿಂಗಿನ ತೂತನ್ನೂ ಬಹಳ ಸಲ ಬಿಟ್ಟುಬಿಡುತ್ತೆ.

ತಮ್ಮಾ, ಮೊದಲು ಒಂದು ಲೆಕ್ಕ. ಆ ಫೋಟೊ ಪುಟದಲ್ಲಿ ಎಷ್ಟು ಅಗಲ ಬರುತ್ತೆ? 5 ಸೆಂಟಿಮೀಟರ್ ಅಂದುಕೊಳ್ಳೋಣ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಚ್ಚಿಗೆ ಸುಮಾರು 590 ಪಿಕ್ಸೆಲ್ ಸಾಕು. ತಲೆ-ಭುಜ ಉಳಿಸಿ ಕತ್ತರಿಸಿದ ನಿಮ್ಮ ಚಿತ್ರ 2400 ಪಿಕ್ಸೆಲ್ ಅಗಲ ಇದ್ದರೆ, ಅಗಲದಲ್ಲಿ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತೆ. ಅಂದರೆ ನೀವು ಮೂರು ರಾತ್ರಿ ನಿದ್ದೆಗೆಟ್ಟು ಕಾಪಾಡಿದ ಒಂದೆಳೆ ಕೂದಲು ಅಚ್ಚಿನಲ್ಲಿ ಕಾಣೋದೇ ಇಲ್ಲ. ಆರು ಪಿಕ್ಸೆಲ್‌ನ ಬಿಳಿ ಗೆರೆ ಮಾತ್ರ ಖಂಡಿತ ಕಾಣುತ್ತೆ. ಕೂದಲು ಹೋದರೆ ಹೋಗಲಿ, ಗೆರೆ ಹೋಗಬೇಕು. ಜೂಮ್ 25%ಕ್ಕೆ ಇಳಿಸಿ ಆಗಾಗ ನೋಡಿ.

ಎರೇಸರ್ ಮುಟ್ಟಬೇಡಿ. ಉಜ್ಜಿದ್ದು ಹೋಯ್ತು ಅಂದರೆ ಹೋಯ್ತು. ಮೂಲ ಫೋಟೊ ಮತ್ತೆ ತೆರೆದು ಲೇಯರ್ ಮಾಸ್ಕ್ ಹಾಕಿ: ಬಿಳಿ ಬಳಿದಲ್ಲಿ ಕಾಣುತ್ತೆ, ಕಪ್ಪು ಬಳಿದಲ್ಲಿ ಮರೆಯಾಗುತ್ತೆ, ತಪ್ಪಾದರೆ ತಿರುಗಿ ಬಳಿಯಬಹುದು. ಕೆಳಗೆ ಈಗಲೇ ಆ ಕಡು ನೀಲಿ ಪದರ ಇಟ್ಟುಕೊಳ್ಳಿ. ಖಾಲಿ ಜಾಗದಲ್ಲಿ ಗಿಂಪ್ ತೋರಿಸೋ ಚೌಕಳಿ ಹಿನ್ನೆಲೆ ಮೇಲೆ ಎಲ್ಲ ಕೆಲಸವೂ ಚೆನ್ನಾಗೇ ಕಾಣುತ್ತೆ, ಅದನ್ನು ನಂಬಬೇಡಿ.

ಭುಜ, ಬಟ್ಟೆ, ಕೆನ್ನೆ ಎಲ್ಲ ಗೆರೆ ಎಳೆದು ಅಂಚು ಗುರುತಿಸೋ ಪಾತ್ಸ್ ಟೂಲ್‌ನಲ್ಲಿ. ಗೆರೆಯನ್ನು ಅಂಚಿಗಿಂತ ಒಂದು ಪಿಕ್ಸೆಲ್ ಒಳಗೇ ಎಳೆಯಿರಿ. ರಿಂಗಿನ ತೂತಿಗೆ ಬೇರೆಯದೇ ಒಂದು ಪಾತ್, ಸೆಲೆಕ್ಷನ್‌ನಿಂದ ಕಳೆಯಿರಿ.

ಆಕಾಶದ ಕಡೆಯ ಕೂದಲು ನಿಮ್ಮ ಅದೃಷ್ಟ. ಫೋಟೊದ ಕೆಂಪು, ಹಸಿರು, ನೀಲಿ ಪಾಲುಗಳನ್ನು ಬೇರೆ ಬೇರೆ ಕಪ್ಪು-ಬಿಳುಪು ಚಿತ್ರವಾಗಿ ಇಟ್ಟಿರೋ ಚಾನೆಲ್ಸ್ ಟ್ಯಾಬಿನಲ್ಲಿ ನೀಲಿ ಚಾನೆಲ್‌ನ ನಕಲು ಮಾಡಿ. ಅದರಲ್ಲಿ ಕೂದಲು ಇದ್ದಿಲು, ಆಕಾಶ ಸುಣ್ಣ. ಲೆವೆಲ್ಸ್‌ನಲ್ಲಿ ಎರಡು ತುದಿ ಒಳಕ್ಕೆ ಒತ್ತಿ ಕಪ್ಪನ್ನು ಇನ್ನೂ ಕಪ್ಪು, ಬಿಳಿಯನ್ನು ಇನ್ನೂ ಬಿಳಿ ಮಾಡಿ, ಆಮೇಲೆ ಇನ್ವರ್ಟ್ ಮಾಡಿ ಎರಡನ್ನೂ ಅದಲುಬದಲು ಮಾಡಿದರೆ ಮಾಸ್ಕ್ ತಯಾರು. ಮುಖದ ಒಳಭಾಗಕ್ಕೆ ಸುಮ್ಮನೆ ಬಿಳಿ ಬಳಿಯಿರಿ. ಬೇಲಿಯ ಕಡೆಗೆ ನೀಲಿ ಉಪಯೋಗಕ್ಕಿಲ್ಲ, ಎಲೆಯೂ ಅದರಲ್ಲಿ ಕಪ್ಪು. ಹಸಿರು ಚಾನೆಲ್‌ನಲ್ಲಿ ಎಲೆ ಸ್ವಲ್ಪ ಬೆಳ್ಳಗಿರುತ್ತೆ, ಅಲ್ಲಿ ಪ್ರಯತ್ನಿಸಿ. ಎರಡು ಕಡೆಗೆ ಎರಡು ಮಾಸ್ಕ್ ಮಾಡಿ ಆಮೇಲೆ ಕೂಡಿಸಿ. ಒಂದೇ ಉಪಾಯದಲ್ಲಿ ಇಡೀ ತಲೆ ಮುಗಿಸೋಕೆ ಹೋಗೋದೇ ಎಲ್ಲರೂ ಮಾಡೋ ತಪ್ಪು. ನಾನೂ ವರ್ಷಗಟ್ಟಲೆ ಮಾಡಿದ್ದೀನಿ.

ಇಷ್ಟಾದರೂ ಗೆರೆ ಉಳಿಯುತ್ತೆ. ಯಾಕೆ ಅಂದರೆ ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಕೂದಲು, ಅರ್ಧ ಆಕಾಶ. ಅದನ್ನು ಕತ್ತರಿಸೋಕೆ ಆಗಲ್ಲ, ಬಣ್ಣ ಬದಲಿಸಬೇಕು. ಮಾಸ್ಕ್ ಬಿಟ್ಟು ಚಿತ್ರದ ಥಂಬ್‌ನೇಲ್ ಮೇಲೆ ಕ್ಲಿಕ್ ಮಾಡಿ, ಪಕ್ಕದ ಕೂದಲಿನ ಬಣ್ಣವನ್ನೇ ಪಿಕ್ಕರ್‌ನಿಂದ ಎತ್ತಿ, ಮೆತ್ತನೆ ಬ್ರಷ್‌ನಿಂದ ಅಂಚಿನ ಉದ್ದಕ್ಕೂ ಧಾರಾಳವಾಗಿ ಬಳಿಯಿರಿ. ಆಕಾಶದ ಮೇಲೆ ಹರಿದರೂ ಚಿಂತೆಯಿಲ್ಲ. ಕೂದಲಿನ ಆಕಾರ ಮಾಸ್ಕ್‌ನಲ್ಲಿದೆ, ನೀವು ಬಣ್ಣ ಮಾತ್ರ ಕೊಡ್ತಿದ್ದೀರಿ. ಬಿಳಿ ಗೆರೆ, ಹಸಿರು ಗೆರೆ ಎರಡಕ್ಕೂ ಇದೇ ಮದ್ದು.

ಜೆಪೆಗ್‌ಗೆ ಪಾರದರ್ಶಕತೆ ಅನ್ನೋದೇ ಇಲ್ಲ. ಪಿಎನ್‌ಜಿ ಕಳಿಸಿ, ಪದರಗಳೆಲ್ಲ ಉಳಿಯೋ ಗಿಂಪ್‌ನದೇ ಎಕ್ಸ್‌ಸಿಎಫ್ ಫೈಲ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪದರ ಪದರ

ಕತ್ತರಿ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಬೇಲಿಯ ಕಡೆ ನೆರಳಿದ್ದರೆ ಹಸಿರು ಚಾನೆಲ್ಲೂ ಕೈಕೊಡುತ್ತೆ. ಆಗ ಆ ಭಾಗವನ್ನು ಪಾತ್‌ನಿಂದ ಸಾಫಾಗಿ ಕತ್ತರಿಸಿ, ಹೊಸ ಪದರದಲ್ಲಿ 3 ಪಿಕ್ಸೆಲ್ ಬ್ರಷ್‌ನಿಂದ ನಾಲ್ಕಾರು ಸುರುಳಿ ಕೈಯಲ್ಲೇ ಬರೆದುಬಿಡಿ. ಯಾರಿಗೂ ಗೊತ್ತಾಗಲ್ಲ. ಇನ್ನೊಂದು, ಪುಟಕ್ಕೆ ತಿಳಿ ಬಣ್ಣ ಆಗಲ್ವಾ ಅಂತ ಕೇಳಿ ನೋಡಿ. ಬಿಳಿ ಆಕಾಶದ ಕೂದಲು ತಿಳಿ ಬೂದಿ ಮೇಲೆ ಅರ್ಧ ಕೆಲಸ ತಾನೇ ಮುಗಿಸಿಕೊಳ್ಳುತ್ತೆ.

ಗುಂಗುರು ತಮ್ಮ

ನೀಲಿಯೇ ಬೇಕಂತೆ. ಕವನದಲ್ಲೆಲ್ಲೋ ಇರುಳು ಬರುತ್ತಂತೆ, ಅಕ್ಕ ಒಪ್ಪಲ್ಲ.

ಕತ್ತರಿ ಸರ್, ಚಿತ್ರಕ್ಕೇ ಬಣ್ಣ ಬಳಿಯೋ ಉಪಾಯ ಕೇಳಿ ಮೊದಲು ನಂಬಿಕೆ ಬರಲಿಲ್ಲ. ಮಾಸ್ಕ್ ಆಫ್ ಮಾಡಿ ನೋಡಿದರೆ ಅಕ್ಕನ ತಲೆ ಸುತ್ತ ಕೆಸರು ಮೆತ್ತಿದ ಹಾಗಿತ್ತು. ಆನ್ ಮಾಡಿದೆ, ಬಿಳಿ ಗೆರೆ ಮಾಯ! ಕತ್ತಿನ ಹತ್ತಿರ ಚಾನೆಲ್ ಕೆಲಸ ಮಾಡಲಿಲ್ಲ, ಪದರ ಅವರು ಹೇಳಿದ ಹಾಗೆ ಐದು ಸುರುಳಿ ಬರೆದೆ. ಒಟ್ಟು ಎರಡೂವರೆ ಗಂಟೆ ಹಿಡೀತು. ಅಕ್ಕನಿಗೆ ತೋರಿಸಿದೆ. "ಬೇಲಿ ಚೆನ್ನಾಗಿತ್ತಲ್ಲೋ, ಯಾಕೆ ತೆಗೆದೆ?" ಅಂದಳು.

ಒಂದು ಉಳಿದಿದೆ. ಅವಳು ಕನ್ನಡಕ ಹಾಕಿದ್ದಾಳೆ, ಬಲಗಡೆ ಗಾಜಿನ ಮೂಲೆಯಲ್ಲಿ ಬೇಲಿ ಹಸಿರಾಗಿ ಕಾಣ್ತಿದೆ. ಅದನ್ನೂ ಕತ್ತರಿಸಬೇಕಾ?

ಹಳೇ ಕತ್ತರಿ

ಪೂರ್ತಿ ಕತ್ತರಿಸಿದರೆ ಗಾಜೇ ಇಲ್ಲದ ಫ್ರೇಮ್ ಆಗುತ್ತೆ. ಆ ಮೂಲೆಯಷ್ಟನ್ನೇ ಸೆಲೆಕ್ಟ್ ಮಾಡಿ, ಚಿತ್ರದಲ್ಲಿ ಸ್ಯಾಚುರೇಶನ್ ಸೊನ್ನೆಗೆ ಇಳಿಸಿ, ಮಾಸ್ಕ್‌ನಲ್ಲಿ ಕಪ್ಪಿನ ಬದಲು ಕಡು ಬೂದಿ ಬಳಿಯಿರಿ. ಹಿಂದಿನ ನೀಲಿ ಮಸುಕಾಗಿ ಹಾಯುತ್ತೆ, ಗಾಜಿನ ಹೊಳಪೂ ಸ್ವಲ್ಪ ಉಳಿಯುತ್ತೆ.